‘ನೋಡಿದೋರು ಏನಂತಾರೆ’ ಅಂದ್ರೆ ಮಕ್ಕಳು ಮಾದರಿ ಆಗ್ತಾರಾ?

ಇಯರ್‌ಫೋನ್ ಹಾಕ್ಕೊಂಡು ಶಿವಮೊಗ್ಗ-ಭದ್ರಾವತಿ ಬಸ್ಸಲ್ಲಿ ಕೂತಿರೋರಿಗೂ, ರಾತ್ರಿ ಊಟ ಮುಗಿಸಿ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ಮಾತು ಕ್ರೈಸ್ತ ಮನೆಗಳ ಮಕ್ಕಳ ಬಗ್ಗೆ. ಬೇರೆ ಮನೆಯವರೂ ಕೇಳಿ, ನಿಮ್ಮ ಮನೆ ಕಥೆನೂ ಇದರಲ್ಲಿ ಸಿಗಬಹುದು.

ನಮ್ಮ ಮನೆಗಳಲ್ಲಿ ಮಗು ತಂಟೆ ಮಾಡಿದ್ರೆ ಮೊದಲು ಬರೋ ಮಾತು ಇದು: ‘ಚರ್ಚಿಗೆ ಹೋಗೋ ಮಗು ನೀನು, ಹೀಗ್ ಮಾಡ್ತೀಯಾ? ನೋಡಿದೋರು ಏನಂತಾರೆ?’ ಹೇಳೋರ ಉದ್ದೇಶ ಒಳ್ಳೆಯದೇ. ಆದರೆ ಕೇಳಿಸಿಕೊಳ್ಳೋ ಮಗುವಿನ ಜಾಗದಲ್ಲಿ ಒಂದ್ಸಲ ಕೂತು ನೋಡಿ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಎರಡಕ್ಕಿಂತ ಕಡಿಮೆ. ಎಷ್ಟೋ ಕ್ಲಾಸುಗಳಲ್ಲಿ ನಮ್ಮ ಮಗು ಒಂದೇ ಇರುತ್ತೆ. ಹಾಜರಿ ಕೂಗಿದ ಕೂಡಲೇ ಹೆಸರೇ ಎಲ್ಲ ಹೇಳಿಬಿಡುತ್ತೆ. ಅಂಥ ಎಂಟು ವರ್ಷದ ಹೆಗಲ ಮೇಲೆ ನಾವು ಇಡೀ ಸಭೆಯ ಮರ್ಯಾದೆ ಹೊರಿಸ್ತೀವಿ.

ಬೇಸಿಗೆ ರಜೆಯ ಬೈಬಲ್ ಶಿಬಿರ ಮುಗಿದ ಮೇಲೆ ಒಬ್ಬ ಪುಟ್ಟ ಹುಡುಗಿ ನನ್ನ ಹತ್ರ ಬಂದು ಮೆಲ್ಲಗೆ ಕೇಳಿದ್ಲು: ‘ನಾನು ಫ್ರೆಂಡ್ ಜೊತೆ ಜಗಳ ಆಡಿದ್ರೆ ಯೇಸುವಿಗೆ ಕೆಟ್ಟ ಹೆಸರು ಬರುತ್ತಾ?’ ನಾನಂದೆ, ‘ಬರಲ್ಲ ಪುಟ್ಟಿ. ನಾಳೆ ನೀನೇ ಮೊದಲು ಹೋಗಿ ಅವಳನ್ನ ಮಾತಾಡಿಸು.’ ಅವಳ ಮುಖ ಹಗುರ ಆಯ್ತು. ಆ ಭಯ ಅವಳಿಗೆ ಎಲ್ಲಿಂದ ಬಂತು ಅನ್ನೋದೇ ನನ್ನ ಪ್ರಶ್ನೆ.

ಬಿಕಾಂ ಓದುವಾಗ ಅಕೌಂಟ್ಸ್ ಕ್ಲಾಸಲ್ಲಿ ‘ವಿಂಡೋ ಡ್ರೆಸಿಂಗ್’ ಅಂತ ಒಂದು ಮಾತು ಕಲಿತಿದ್ದೆ. ವರ್ಷದ ಕೊನೆಗೆ ಬ್ಯಾಲೆನ್ಸ್ ಶೀಟ್ ಚೆಂದ ಕಾಣೋ ಹಾಗೆ ಅಂಕಿಗಳನ್ನ ಜೋಡಿಸಿಡೋದು. ವ್ಯಾಪಾರದ ಸ್ಥಿತಿ ಇದ್ದ ಹಾಗೇ ಇರುತ್ತೆ. ಮಕ್ಕಳ ಕೈಲಿ ಎಷ್ಟೋ ಸಲ ನಾವು ಮಾಡಿಸೋದೂ ಇದನ್ನೇ. ಭಾನುವಾರ ಇಸ್ತ್ರಿ ಬಟ್ಟೆ, ಬಾಯಿಪಾಠದ ವಚನ, ಸ್ಟೇಜ್ ಮೇಲೊಂದು ಹಾಡು. ಸೋಮವಾರದ ಲೆಕ್ಕ ಯಾರೂ ಕೇಳಲ್ಲ. ಮಗು ಕೊನೆಗೆ ಕಲಿಯೋದು ಸಿಕ್ಕಿಬೀಳದೆ ಇರೋದನ್ನ.

ಸಂಡೇ ಸ್ಕೂಲಲ್ಲಿ ಈ ವಿಷಯ ಬಂದ್ರೆ ಪೌಲರು ತಿಮೊಥೆಗೆ ಬರೆದ ಮೊದಲ ಪತ್ರ ತೆಗೀತಾರೆ, 4ನೇ ಅಧ್ಯಾಯ, 12ನೇ ವಚನ. ವಯಸ್ಸು ಚಿಕ್ಕದಾದ್ರೂ ಐದು ವಿಷಯದಲ್ಲಿ ಮಾದರಿ ಆಗಬಹುದು ಅನ್ನೋದು ಅದರ ತಿರುಳು: ಮಾತು, ನಡತೆ, ಪ್ರೀತಿ, ನಂಬಿಕೆ, ಶುದ್ಧತೆ. ಅಲ್ಲಿಗೇ ಪುಸ್ತಕ ಮುಚ್ಚಬೇಡಿ. ಎರಡನೇ ಪತ್ರದ ಮೊದಲ ಅಧ್ಯಾಯದಲ್ಲಿ ಪೌಲರು ತಿಮೊಥೆಯ ಅಜ್ಜಿ ಲೋವಿಯನ್ನ, ತಾಯಿ ಯೂನಿಕೆಯನ್ನ ಹೆಸರು ಹಿಡಿದು ನೆನೆಸ್ತಾರೆ. ಆ ನಂಬಿಕೆ ಮೊದಲು ಅವರಲ್ಲಿ ಇತ್ತು ಅಂತ. ಅಂದ್ರೆ, ಮಾದರಿಯಾಗಿರು ಅಂತ ಹೇಳಿಸಿಕೊಂಡ ಹುಡುಗ ಅಡುಗೆಮನೆಯಲ್ಲೇ ಮಾದರಿ ನೋಡಿ ಬೆಳೆದಿದ್ದ.

ಆ ಪಟ್ಟಿಯಲ್ಲಿ ಮೊದಲು ಇರೋದು ಮಾತು. 2022ರ ಫೆಬ್ರವರಿ ನೆನಪಿದೆಯಲ್ಲ? ಶಿವಮೊಗ್ಗದಲ್ಲಿ ನಿಷೇಧಾಜ್ಞೆ ಹಾಕಿದ್ರು, ಶಾಲೆಗಳಿಗೆ ರಜೆ ಕೊಟ್ರು. ಇಂಥ ದಿನಗಳಲ್ಲಿ ದೊಡ್ಡವರು ಫೋನ್ ಹಿಡ್ಕೊಂಡು ‘ಅವರು ಹಾಗೆ, ಇವರು ಹೀಗೆ’ ಅಂತಿದ್ರೆ, ಪಕ್ಕದಲ್ಲೇ ಆಡ್ತಿರೋ ಮಗು ಎಲ್ಲಾ ಕೇಳಿಸಿಕೊಳ್ಳುತ್ತೆ. ಶಾಲೆ ಬಾಗಿಲು ತೆಗೆದ ದಿನ ಅದೇ ಮಾತು ಬೆಂಚಿನ ಮೇಲೆ ಬರುತ್ತೆ. ಆದ್ದರಿಂದ ದ್ವೇಷದ ಮೆಸೇಜ್ ಬಂದ್ರೆ ಮಗುವಿನ ಎದುರಲ್ಲೇ ಡಿಲೀಟ್ ಮಾಡಿ. ಯಾಕೆ ಅಂತ ಕೇಳಿದ್ರೆ ಹೇಳಿ. ಪ್ರೀತಿ ಬಗ್ಗೆ ಹತ್ತು ವಚನ ಬಾಯಿಪಾಠ ಮಾಡಿಸೋದಕ್ಕಿಂತ ಇದು ಹೆಚ್ಚು ನಾಟುತ್ತೆ.

ಭದ್ರಾವತಿ ಕಡೆ ನೋಡೋಣ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಕಟ್ಟಿದ ಊರು ಅದು. ತಮಿಳು, ತೆಲುಗು, ಮಲಯಾಳಂ ಮಾತಾಡೋರು ಕೆಲಸಕ್ಕೆ ಬಂದು ಇಲ್ಲಿಯವರೇ ಆದ್ರು. ಎಂಪಿಎಂ ನಿಂತು ವರ್ಷಗಳಾದವು. ವಿಐಎಸ್‌ಎಲ್ ಮುಚ್ಚೋ ಸುದ್ದಿ 2023ರ ಜನವರಿಯಲ್ಲಿ ಬಂದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಕಷ್ಟ ಯಾವ ಮನೆಗೆ ಬಂದ್ರೂ ಧರ್ಮ ಕೇಳಿ ಬರಲ್ಲ. ಅಪ್ಪನ ಕೆಲಸ ಹೋದ ಹುಡುಗ ಕ್ಲಾಸ್ ಟೂರ್‌ಗೆ ‘ನಂಗೆ ಇಷ್ಟ ಇಲ್ಲ’ ಅಂತ ಸುಳ್ಳು ಹೇಳಿದ್ರೆ, ಅದು ಯಾಕೆ ಅಂತ ಅರ್ಥ ಮಾಡ್ಕೊಂಡು, ಅವನನ್ನ ರೇಗಿಸದೆ ಪಕ್ಕದಲ್ಲಿ ಕೂರೋ ಮಗು ಇದೆಯಲ್ಲ, ಅದು ಮಾದರಿ. ಅದಕ್ಕೆ ಫೋಟೋ ಬೇಡ, ಸ್ಟೇಟಸ್ ಬೇಡ.

ಒಬ್ಬ ಕೇಳುಗರು ಕೇಳಿದ್ರು: ಮತ್ತಾಯನ 5ನೇ ಅಧ್ಯಾಯದಲ್ಲಿ ಒಳ್ಳೆ ಕೆಲಸ ಜನರಿಗೆ ಕಾಣಲಿ ಅಂತ ಇದೆ, 6ನೇ ಅಧ್ಯಾಯದಲ್ಲಿ ಜನರಿಗೆ ತೋರಿಸೋಕೆ ಅಂತ ಮಾಡಬೇಡಿ ಅಂತ ಇದೆ. ಮಕ್ಕಳಿಗೆ ಯಾವುದನ್ನ ಹೇಳಿಕೊಡೋದು? ಎರಡನ್ನೂ. ದೀಪ ಹಚ್ಚೋದು ಮನೆಯವರಿಗೆ ದಾರಿ ಕಾಣಲಿ ಅಂತ. ದೀಪವನ್ನೇ ನೋಡಲಿ ಅಂತ ಯಾರೂ ಹಚ್ಚಲ್ಲ.

ಈ ವಾರಕ್ಕೆ ಒಂದೇ ಕೆಲಸ. ಮನೆಯಲ್ಲಿ ಮಗ, ಮಗಳು, ತಮ್ಮ, ತಂಗಿ ಯಾರ ಮೇಲಾದ್ರೂ ಸುಮ್ಮನೆ ರೇಗಿದ್ರೆ, ಹತ್ರ ಹೋಗಿ ‘ತಪ್ಪು ನಂದು ಪುಟ್ಟ’ ಅನ್ನಿ. ದೊಡ್ಡವರು ಕ್ಷಮೆ ಕೇಳೋದನ್ನ ನೋಡಿದ ಮಗುವಿಗೆ ತಪ್ಪನ್ನ ಮುಚ್ಚಿಡೋ ಅಗತ್ಯ ಬೀಳಲ್ಲ. ಶಾಲೆಯಲ್ಲಿ ಕ್ಷಮೆ ಕೇಳೋಕೆ ಅದಕ್ಕೆ ನಾಚಿಕೆನೂ ಆಗಲ್ಲ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿವರೆಗೂ ಚೆನ್ನಾಗಿರಿ.