ಹಾಲಿನ ಕ್ಯಾನು ಹೊರುವ ಟೈರು

(ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಲು ಉತ್ಪಾದಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಕೃಷಿ ವಿಜ್ಞಾನಿಯಾದವನು ಮೇವು, ಮಣ್ಣು, ಗೊಬ್ಬರಗಳ ಕುರಿತು ಮಾತನಾಡಬೇಕೆಂಬುದು ವಾಡಿಕೆ. ಆದರೆ ಇಂದು ಬೆಳಿಗ್ಗೆ ತೂಬಗೆರೆಯ ಹಾದಿಯಲ್ಲಿ ನನ್ನ ಮುಂದೆ ಸಾಗುತ್ತಿದ್ದ ಬೈಕಿನ ಎರಡೂ ಬದಿಗೆ ನಲವತ್ತು ಲೀಟರಿನ ಹಾಲಿನ ಕ್ಯಾನುಗಳಿದ್ದವು. ಹಿಂದಿನ ಟೈರು ಕನ್ನಡಿಯಂತೆ ನುಣುಪಾಗಿತ್ತು. ಆದಕಾರಣ ಟೈರಿನ ವಿಚಾರವನ್ನೇ ಎತ್ತಿಕೊಳ್ಳುತ್ತೇನೆ.

ಟೈರು ಎಷ್ಟು ಕಿಲೋಮೀಟರು ಬಾಳುತ್ತದೆಂಬುದಕ್ಕೆ ಒಂದೇ ಉತ್ತರವಿಲ್ಲ. ನಿಮ್ಮ ಬಯಲಿನಲ್ಲಿ ಕ್ಷೇತ್ರಕಾರ್ಯಕ್ಕೆಂದು ತಿರುಗುತ್ತಿದ್ದಾಗ ನನ್ನ ಬೈಕಿನ ಹಿಂದಿನ ಟೈರು 26 ಸಾವಿರ ಕಿ.ಮೀ. ಬಂದಿತು. ಮಲೆನಾಡಿನ ಮನೆಗೆ ಮರಳಿದ ಮೇಲೆ ಘಟ್ಟದ ತಿರುವು, ಜಲ್ಲಿ ರಸ್ತೆಗಳಲ್ಲಿ ಅದೇ ಕಂಪನಿಯ ಟೈರು 17 ಸಾವಿರಕ್ಕೆ ಮುಗಿಯಿತು. ಕಂಪನಿಯ ಹೆಸರಿಗಿಂತ ರಸ್ತೆ, ಗಾಳಿ ಮತ್ತು ಭಾರಗಳೇ ಟೈರಿನ ಆಯಸ್ಸನ್ನು ನಿರ್ಧರಿಸುತ್ತವೆ.

ಭಾರದ ಲೆಕ್ಕವನ್ನು ನೋಡೋಣ. ಟೈರಿನ ಪಕ್ಕೆಯ ಮೇಲೆ '2.75-18 42ಪಿ' ಎಂದಿದ್ದರೆ, 42 ಎಂಬುದು ಭಾರದ ಸೂಚ್ಯಂಕ; ಆ ಟೈರು ಹೊರಬಲ್ಲದ್ದು ಹೆಚ್ಚೆಂದರೆ 150 ಕೆ.ಜಿ. 'ಪಿ' ವೇಗದ ಮಿತಿ, ಗಂಟೆಗೆ 150 ಕಿ.ಮೀ.; ಹಾಲು ಹೊತ್ತವರಿಗೆ ಅದು ಬೇಡದ ಮಾತು. ತುಂಬಿದ ಎರಡು ಕ್ಯಾನುಗಳು ಸುಮಾರು 90 ಕೆ.ಜಿ. ತೂಗುತ್ತವೆ, ಅದೆಲ್ಲವೂ ಹಿಂದಿನ ಚಕ್ರದ ಮೇಲೆಯೇ ಬೀಳುತ್ತದೆ. ಬೈಕಿನ ತೂಕದಲ್ಲಿ ಅರ್ಧ, ಸವಾರನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೇರಿದರೆ 180ರ ಆಸುಪಾಸು. ಅದೇ ಅಳತೆಯಲ್ಲಿ '48ಪಿ' ಗುರುತಿನ ಟೈರೂ ಸಿಗುತ್ತದೆ. ಅದರ ಮಿತಿ 180 ಕೆ.ಜಿ. ಕೊಳ್ಳುವುದಾದರೆ ಅದನ್ನೇ ಕೊಳ್ಳಿರಿ, ಆದರೆ ಅದಕ್ಕೂ ಇದು ಅಂಚಿನ ಭಾರ. ಮೇಲೊಂದು ಹುಲ್ಲಿನ ಹೊರೆ ಏರಿದರೆ ಮಿತಿ ಮೀರಿತು. ಎರಡು ಸಲ ಹೋಗಿಬನ್ನಿ ಎಂದರೆ ಪೆಟ್ರೋಲಿನ ಖರ್ಚನ್ನು ಯಾರು ಕೊಡುತ್ತಾರೆಂದು ನೀವು ಕೇಳುವಿರಿ. ನ್ಯಾಯವಾದ ಪ್ರಶ್ನೆಯೇ. ಸಂಘದವರು ಗೂಡ್ಸ್ ಆಟೋ ಒಂದನ್ನು ಕೂಡಿ ಗೊತ್ತುಮಾಡಿಕೊಳ್ಳುವುದು ಸಾಧ್ಯವೇ ಎಂದು ಈ ಸಭೆಯೇ ಯೋಚಿಸಲಿ.

ಗಾಳಿ ಕಡಿಮೆಯಿದ್ದಾಗ ಪಕ್ಕೆಗಳು ಬಾಗಿ ಬಾಗಿ ಕಾಯುತ್ತವೆ, ಒಳಗಿನ ನೂಲು ಹರಿಯುತ್ತದೆ, ಅಂಚುಗಳು ಸವೆಯುತ್ತವೆ. ಹೆಚ್ಚಾದರೆ ನಡುಭಾಗ ಸವೆಯುತ್ತದೆ. ಬೆಳಿಗ್ಗೆ, ಟೈರು ತಣ್ಣಗಿರುವಾಗಲೇ ಗಾಳಿಯನ್ನು ಅಳೆಯಬೇಕು. ಹಿಂದೆ ಒಬ್ಬರನ್ನು ಕೂರಿಸಿಕೊಂಡಾಗ ಎಷ್ಟಿರಬೇಕೆಂಬುದು ಬೈಕಿನ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತದೆ. ಕ್ಯಾನು ಹೊರುವಾಗ ಅದಕ್ಕಿಂತ ಕಡಿಮೆ ಇರಬಾರದು.

ಬದಲಾಯಿಸುವ ಕಾಲ ತಿಳಿಯಲು ಪಕ್ಕೆಯ ಮೇಲಿನ ಪುಟ್ಟ ತ್ರಿಕೋನ ಅಥವಾ 'ಟಿ.ಡಬ್ಲ್ಯೂ.ಐ.' ಗುರುತನ್ನು ಹುಡುಕಿರಿ. ಅದರ ನೇರದಲ್ಲಿ ಗ್ರಿಪ್ಪಿನ ತೋಡಿನೊಳಗೆ ಸಣ್ಣ ದಿಬ್ಬವಿರುತ್ತದೆ. ಸವೆತ ಆ ದಿಬ್ಬವನ್ನು ಮುಟ್ಟಿದರೆ ಟೈರಿನ ಕೆಲಸ ಮುಗಿಯಿತು. ದ್ವಿಚಕ್ರ ವಾಹನಗಳಿಗೆ ಕಾನೂನಿನ ಮಿತಿ 0.8 ಮಿ.ಮೀ. ಕ್ರಷರ್ ಲಾರಿಗಳು ಉದುರಿಸಿದ ಜಲ್ಲಿಪುಡಿಯ ಮೇಲೆ ಮೊದಲ ಮಳೆ ಬಿದ್ದಾಗ ಆ ಮಿತಿಯೂ ಸಾಲದೆಂಬುದು ನನ್ನ ಅಭಿಪ್ರಾಯ.

ಗ್ರಿಪ್ ಇದ್ದ ಮಾತ್ರಕ್ಕೆ ಟೈರು ಹೊಸದಲ್ಲ. 2019ರಲ್ಲಿ ಅಂಗಡಿಯೊಂದರಲ್ಲಿ ರಿಯಾಯಿತಿಯೆಂದು ಕೊಂಡ ಟೈರು ವರ್ಷದೊಳಗೆ ಪಕ್ಕೆಯಲ್ಲಿ ಬಿರುಕುಬಿಟ್ಟಿತು. ಆಮೇಲೆ ನೋಡಿದರೆ ಅದರ ಮೇಲೆ '1214' ಎಂದಿತ್ತು: 2014ರ ಹನ್ನೆರಡನೆಯ ವಾರದಲ್ಲಿ ತಯಾರಾದದ್ದು. ಡಾಕ್ಟರೇಟು ಪಡೆದವನೂ ನಾಲ್ಕು ಅಂಕಿಗಳನ್ನು ಓದದೆ ಹಣ ಕಳೆದುಕೊಂಡೆ. ಅಳತೆ ಬೈಕಿಗೆ ಹೇಳಿದ್ದೇ ಇರಲಿ, ಕಡ್ಡಿಚಕ್ರಕ್ಕೆ ಟ್ಯೂಬು ಇರಲಿ, ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗಿರಲಿ. ರೀಸೋಲ್ ಟೈರನ್ನು ಬೈಕಿಗೆ ಹಾಕಿಸಬೇಡಿ.

ಸವೆದ ರಬ್ಬರು ಎಲ್ಲಿಗೆ ಹೋಗುತ್ತದೆ? ಪುಡಿಯಾಗಿ ಮಳೆನೀರಿನೊಡನೆ ಚರಂಡಿಗೆ, ಅಲ್ಲಿಂದ ಅರ್ಕಾವತಿಯ ಕೆರೆಗಳಿಗೆ. ಟೈರು ಬಿರುಕುಬಿಡದಂತೆ ಬೆರೆಸುವ ರಾಸಾಯನಿಕವೊಂದು ಓಝೋನಿನೊಡನೆ ಸೇರಿ ವಿಷವಾಗಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಕೋಹೋ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿದ್ದುದನ್ನು ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದರು. ಇನ್ನು ಹಳೆಯ ಟೈರನ್ನು ಚಳಿಗೆಂದು ಸುಡಬೇಡಿ. ಪಂಕ್ಚರ್ ಅಂಗಡಿಯ ಮುಂದೆ ಮಳೆನೀರು ತುಂಬಿ ಡೆಂಗ್ಯೂ ಸೊಳ್ಳೆ ಬೆಳೆಯಲೂ ಬಿಡಬೇಡಿ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಒಪ್ಪಿಸಿರಿ. ಹಳೆಯ ಟೈರುಗಳ ಮರುಬಳಕೆಯ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಮೇವಿನ ಗುಂಡಿಯ ಹೊದಿಕೆಯ ಮೇಲೆ ಭಾರಕ್ಕೆಂದು ಇಟ್ಟುಕೊಳ್ಳುವುದಾದರೆ ಎರಡು ಪಕ್ಕೆಗಳಿಗೂ ನಾಲ್ಕು ಕಡೆ ತೂತು ಕೊರೆದಿಡಿ, ನೀರು ನಿಲ್ಲದು.