ಮದುವೆಗೆ ಮೊದಲೇ ಮಗಳ ತಟ್ಟೆ ನೋಡೋಣ



ಮನೆಯಲ್ಲಿ ಮದುವೆ ಗೊತ್ತಾದ ಕೂಡಲೇ ಏನೇನು ತಯಾರಿ ಮಾಡ್ತೇವೆ? ಸೀರೆ, ಒಡವೆ, ಛತ್ರ, ಊಟದ ಲೆಕ್ಕ. ಸಂಘದಲ್ಲಿ ಸಾಲಕ್ಕೂ ಅರ್ಜಿ ಕೊಡ್ತೇವೆ. ಆದರೆ ಮಗಳ ಮೈಯಲ್ಲಿ ರಕ್ತ ಎಷ್ಟಿದೆ ಅಂತ ಎಷ್ಟು ಮಂದಿ ತಾಯಂದಿರು ಪರೀಕ್ಷೆ ಮಾಡಿಸಿದ್ದೀರಿ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಇಪ್ಪತ್ತು ಜನರ ಸಂಘದಲ್ಲಿ ಒಂಬತ್ತು-ಹತ್ತು ಜನ ಅಂದ ಹಾಗೆ.

"ಬಸುರಿಯಾದ ಮೇಲೆ ಚೆನ್ನಾಗಿ ತಿಂದರಾಯ್ತು" ಎನ್ನುವವರಿದ್ದಾರೆ. ಅಷ್ಟರಲ್ಲಿ ತಡವಾಗಿರುತ್ತದೆ. ಮಗುವಿನ ಮೆದುಳು, ಬೆನ್ನುಹುರಿ ರೂಪುಗೊಳ್ಳುವ ನಾಳ ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಅಷ್ಟು ಬೇಗ ಎಷ್ಟೋ ಹೆಣ್ಣುಮಕ್ಕಳಿಗೆ ತಾನು ಬಸುರಿ ಎಂದೇ ತಿಳಿದಿರುವುದಿಲ್ಲ. ಆ ನಾಳ ಸರಿಯಾಗಿ ಮುಚ್ಚಲು ಫೋಲಿಕ್ ಆಮ್ಲ ಎಂಬ ಜೀವಸತ್ವ ಬೇಕು. ಆದ್ದರಿಂದ ಮಗು ಬೇಕೆಂದು ಯೋಚಿಸುವಾಗಲೇ ವೈದ್ಯರನ್ನು ಕೇಳಿ, ದಿನಕ್ಕೆ 400 ಮೈಕ್ರೋಗ್ರಾಂ ಮಾತ್ರೆ ಶುರು ಮಾಡಬೇಕು. ಗರ್ಭಕ್ಕೆ ಮೂರು ತಿಂಗಳು ತುಂಬುವ ತನಕ ಬಿಡಬಾರದು.

ಇನ್ನು ರಕ್ತದ ವಿಷಯ. ಬಸುರಿಯಲ್ಲದ ಹೆಣ್ಣಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಹಾಗೆಯೇ ಬಸುರಿಯಾದರೆ ಮಗು ಕಡಿಮೆ ತೂಕದಲ್ಲಿ ಹುಟ್ಟಬಹುದು, ಹೆರಿಗೆಯಲ್ಲಿ ರಕ್ತ ಹೋದರೆ ತಾಯಿಯ ಜೀವಕ್ಕೇ ಅಪಾಯ. ಹದಿಹರೆಯದ ಮಕ್ಕಳಿಗೆ ಶಾಲೆ, ಅಂಗನವಾಡಿಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಎಸೆಯಲು ಬಿಡಬೇಡಿ. ಊಟವಾದ ಮೇಲೆ ನುಂಗಲಿ. ಮಲ ಕಪ್ಪಾದರೆ ಹೆದರಬೇಕಿಲ್ಲ.

ಊಟಕ್ಕೆ ದುಬಾರಿ ಪುಡಿ, ಟಾನಿಕ್ ಬೇಡ. ರಾಗಿ ಮುದ್ದೆ, ನುಗ್ಗೆಸೊಪ್ಪು, ಹರಿವೆಸೊಪ್ಪು, ಹುರುಳಿ, ಹೆಸರುಕಾಳು, ಆದಾಗ ಮೊಟ್ಟೆ, ಮೀನು. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಊಟದ ಜೊತೆ ಟೀ ಕುಡಿದರೆ ಅದು ಸರಿಯಾಗಿ ಹಿಡಿಯುವುದಿಲ್ಲ. ಒಂದು ಗಂಟೆಯಾದರೂ ಬಿಟ್ಟು ಕುಡಿಯಿರಿ.

ಎಲ್ಲಕ್ಕಿಂತ ಕಷ್ಟದ ಮಾತು ಒಂದಿದೆ. ಗಂಡಸರು ಉಂಡ ಮೇಲೆ ತಳದಲ್ಲಿ ಉಳಿದದ್ದು ನಮ್ಮ ಪಾಲು. ನಮ್ಮನ್ನು ನೋಡಿ ಮಗಳೂ ಅದನ್ನೇ ಕಲಿತು ಗಂಡನ ಮನೆಗೆ ಹೋಗ್ತಾಳೆ. ಇವತ್ತಿನಿಂದ ಎಲ್ಲರೂ ಒಟ್ಟಿಗೆ ಕೂತು ಉಣ್ಣೋಣ. ಅತ್ತೆಯಂದಿರೇ, ಬಂದ ಸೊಸೆಗೂ ಮೊಟ್ಟೆ ಬಡಿಸಿ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ, ಮದುವೆ ವಯಸ್ಸಿಗೆ ಬಂದ ಹೆಣ್ಣುಮಕ್ಕಳ, ಹೊಸ ಸೊಸೆಯರ ಹೆಸರು ಬರೆಯಿರಿ. ಆಶಾ ಕಾರ್ಯಕರ್ತೆಯ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಒಡವೆ ಆಮೇಲೂ ಮಾಡಿಸಬಹುದು.