ಹಂಪೆಗೆ ಬಂದ ಎಂಟನೇ ಹೆನ್ರಿ



1509 ಎಂಬ ಇಸವಿಯನ್ನು ನೀವು ಬಾಯಿಪಾಠ ಮಾಡಿರುತ್ತೀರಿ. ಕೃಷ್ಣದೇವರಾಯ ವಿಜಯನಗರದ ಪಟ್ಟಕ್ಕೆ ಬಂದ ವರ್ಷ ಅದು. ಅದೇ ವರ್ಷದ ಏಪ್ರಿಲ್‌ನಲ್ಲಿ, ಹದಿನೇಳರ ಹರೆಯದ ಎಂಟನೇ ಹೆನ್ರಿ ಇಂಗ್ಲೆಂಡಿನ ದೊರೆಯಾದ. ಇವರಿಬ್ಬರೂ ನಮ್ಮ ಪುಸ್ತಕಗಳಲ್ಲಿ ಬೇರೆ ಬೇರೆ ಪಾಠಗಳಲ್ಲಿ ಕುಳಿತಿರುವುದರಿಂದ, ಒಂದೇ ಕಾಲದವರೆಂಬುದು ನಮಗೆ ಹೊಳೆಯುವುದೇ ಇಲ್ಲ. ಇಬ್ಬರನ್ನೂ ಒಂದೇ ರಂಗದ ಮೇಲೆ ತಂದರೆ ಹೇಗೆ? ಮಕ್ಕಳಿಗಾಗಿ ನಾವು ಒಮ್ಮೆ ಇಂಥ ಹಾಸ್ಯ ರೂಪಕವೊಂದಕ್ಕೆ ಕೈಹಾಕಿದೆವು.

ನಾನು ಬರೆದ ಮೊದಲ ಕರಡಿನಲ್ಲಿ ರಾಯ ತನ್ನ ಅತಿಥಿಗೆ ಮೆಣಸಿನಕಾಯಿ ಬಜ್ಜಿ ಕೊಡುತ್ತಾನೆ. ಹೆನ್ರಿ ಬಾಯಿ ಉರಿದು ತುಂಗಭದ್ರೆಗೆ ಓಡುತ್ತಾನೆ. ತಾಲೀಮಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ರಾಣಿಯ ಪಾತ್ರದ ಹುಡುಗಿ ಮಾತ್ರ, "ಸಾರ್, ಮೆಣಸಿನಕಾಯಿ ಅಮೆರಿಕದ್ದಲ್ವಾ? ಅಷ್ಟರಲ್ಲೇ ಹಂಪೆಗೆ ಬಂದಿತ್ತಾ?" ಎಂದು ಕೇಳಿದಳು.

ನನ್ನ ನಗು ಅಲ್ಲಿಗೇ ನಿಂತಿತು. ಕೊಲಂಬಸ್ ಅಮೆರಿಕದ ದ್ವೀಪಗಳನ್ನು ತಲುಪಿದ್ದು 1492ರಲ್ಲಿ. ಮೆಣಸಿನಕಾಯಿ ನಮ್ಮ ನಾಡಿಗೆ ಬಂದದ್ದು ಆಮೇಲೆ, ಪೋರ್ಚುಗೀಸರ ಮೂಲಕ. 1509ರ ಅರಮನೆಯ ಖಾರವೆಂದರೆ ಕರಿಮೆಣಸು, ಶುಂಠಿ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದ ನನಗೆ ಇದು ತಿಳಿಯದ್ದೇನಲ್ಲ. ನಗಿಸುವ ಆಸೆಯಲ್ಲಿ ಮರೆತಿದ್ದೆ. ಪ್ರಸಾರವಾಗಿದ್ದರೆ ಎಷ್ಟು ಊರಿನ ಮಕ್ಕಳು ಆ ಬಜ್ಜಿಯನ್ನು ನಿಜವೆಂದೇ ನೆನಪಿಟ್ಟುಕೊಳ್ಳುತ್ತಿದ್ದರೋ! ಪಾಠದಲ್ಲಿ ಓದಿದ್ದು ಮರೆಯುತ್ತದೆ, ನಕ್ಕದ್ದು ಮರೆಯುವುದಿಲ್ಲ.

ಅಂದಿನಿಂದ ಒಂದು ಕಟ್ಟಳೆ ಮಾಡಿಕೊಂಡೆವು. ಇಬ್ಬರೂ ಭೇಟಿಯಾದರು ಎಂಬ ಒಂದೇ ಸುಳ್ಳಿಗೆ ಅವಕಾಶ. ಅದನ್ನೂ ಸೂತ್ರಧಾರ ಮೊದಲೇ ಹೇಳಿಬಿಡಬೇಕು. ಉಳಿದದ್ದಕ್ಕೆಲ್ಲ ಆಧಾರ ಇರಬೇಕು.

ಕಥೆಯ ಕಾಲವನ್ನು 1520ಕ್ಕೆ ಸರಿಸಿದೆವು. ಆ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಬೆಳಗಾಗುವ ಮೊದಲೇ ರಾಯ ಎಳ್ಳೆಣ್ಣೆ ಕುಡಿಯುತ್ತಿದ್ದ; ಮೈಗೂ ಅದನ್ನೇ ಹಚ್ಚಿಕೊಂಡು ಭಾರ ಎತ್ತುತ್ತಿದ್ದ, ಕತ್ತಿ ತಿರುವುತ್ತಿದ್ದ, ಬೆವರಿನಲ್ಲಿ ಎಣ್ಣೆಯೆಲ್ಲ ಇಳಿದ ಮೇಲೆ ಕುಸ್ತಿಗೆ ಇಳಿಯುತ್ತಿದ್ದ. ಬಜ್ಜಿಯ ಜಾಗಕ್ಕೆ ಎಣ್ಣೆಯ ಬಟ್ಟಲು ಬಂತು. ಪಾನಕವೆಂದು ಹೆನ್ರಿ ಗಟಗಟನೆ ಕುಡಿದಾಗ ಅವನ ಮುಖ ಹೇಗಾದೀತು, ಊಹಿಸಿಕೊಳ್ಳಿ.

ಕುಸ್ತಿಯ ಮಾತು ಬಂದರೆ ಹೆನ್ರಿಯೂ ಹಿಂದೆ ಬೀಳುವವನಲ್ಲ. ಆದರೆ ಅದೇ 1520ರ ಜೂನ್‌ನಲ್ಲಿ ಫ್ರಾನ್ಸಿನ ದೊರೆ ಒಂದನೇ ಫ್ರಾನ್ಸಿಸ್ ಜೊತೆ ಕೈ ಮಿಲಾಯಿಸಿ ನೆಲಕ್ಕೆ ಬಿದ್ದನೆಂದು ಫ್ರೆಂಚರ ಬರಹವೊಂದು ಹೇಳುತ್ತದೆ. ರಾಯ ಆ ಸುದ್ದಿ ಎತ್ತಿದೊಡನೆ ಹೆನ್ರಿ ಹಂಪೆಯ ಬಂಡೆಗಳನ್ನು ಹೊಗಳತೊಡಗುತ್ತಾನೆ.

ಹೆನ್ರಿಯ ಪಾತ್ರಧಾರಿ ಹೊಟ್ಟೆಗೆ ದಿಂಬು ಕಟ್ಟಿಕೊಂಡು ಬಂದಿದ್ದ. ಬಿಚ್ಚಿಸಿದೆವು. ಚಿತ್ರಗಳಲ್ಲಿ ಕಾಣುವ ಆ ಸ್ಥೂಲಕಾಯ ಹೆನ್ರಿಯ ಕೊನೆಗಾಲದ್ದು. 1520ರಲ್ಲಿ ಆತ ಮೂವತ್ತು ತುಂಬದ ಗಟ್ಟಿಮುಟ್ಟಾದ ಆಟಗಾರ. ರಾಯನ ಮುಖದಲ್ಲಿ ಸಿಡುಬಿನ ಕಲೆಗಳಿದ್ದವೆಂದು ಪಾಯೆಸ್ ಬರೆದಿದ್ದಾನೆ. ಅದಕ್ಕೆ ಆಧಾರವಿದೆ, ನಿಜ. ಆದರೂ ರೋಗದ ಗುರುತನ್ನು ಹಾಸ್ಯಕ್ಕೆ ಬಳಸಲು ನಾನು ಒಪ್ಪಲಿಲ್ಲ.

ನನಗೆ ಬಹಳ ಹಿಡಿಸಿದ್ದು ಒಂದು ಚಿಕ್ಕ ಮಾತು. ಪಾಯೆಸ್ ಲೆಕ್ಕದಲ್ಲಿ ರಾಯನಿಗೆ ಹನ್ನೆರಡು ಮಂದಿ ರಾಣಿಯರು. "ನಿಮಗೆಷ್ಟು?" ಎಂದು ರಾಯ ಕೇಳಿದರೆ, ಹೆನ್ರಿ ಎದೆಯುಬ್ಬಿಸಿ "ಒಬ್ಬಳೇ! ಕೊನೆಯವರೆಗೂ ಒಬ್ಬಳೇ!" ಎನ್ನುತ್ತಾನೆ. 1520ರಲ್ಲಿ ಅವನಿಗೆ ಕ್ಯಾಥರೀನ್ ಒಬ್ಬಳೇ ರಾಣಿ. ಉಳಿದ ಐದು ಮದುವೆಗಳು 1533ರಿಂದ ಈಚೆಗೆ. ಇಸವಿ ಗೊತ್ತಿದ್ದ ಮಕ್ಕಳು ಘೊಳ್ಳೆಂದು ನಕ್ಕರು. ಗೊತ್ತಿಲ್ಲದವರು ಪಕ್ಕದವರ ಭುಜ ತಟ್ಟಿ, "ಯಾಕೋ, ಏನಾಯ್ತೋ?" ಎಂದು ಕೇಳಿದರು. ಆ ಪ್ರಶ್ನೆಗಾಗಿಯೇ ನಾವು ಇಷ್ಟೆಲ್ಲ ಪಾಡುಪಟ್ಟದ್ದು.

ನಿಮ್ಮ ಶಾಲಾ ವಾರ್ಷಿಕೋತ್ಸವಕ್ಕೆ ಇಂಥ ಜೋಡಿ ಬೇಕಿದ್ದರೆ ಒಂದು ಸುಳಿವು ಕೊಡುತ್ತೇನೆ. ಇದೇ ಹೆನ್ರಿಯ ಮಗಳು ಎಲಿಜಬೆತ್ 1583ರಲ್ಲಿ ಅಕ್ಬರನಿಗೆ ಬರೆದ ಪತ್ರವೊಂದನ್ನು ಹೊತ್ತು ಇಂಗ್ಲಿಷ್ ವ್ಯಾಪಾರಿಗಳು ನಮ್ಮ ದೇಶದತ್ತ ಹೊರಟರು. ಇಲ್ಲಿ ಪತ್ರ ನಿಜವಾದದ್ದೇ. ಅಂಚೆಯಣ್ಣನ ಮಾತುಗಳನ್ನು ನೀವು ಬರೆಯಿರಿ.